ಶಾಲೆಯಲ್ಲಿ ಸಕಾರಾತ್ಮಕ ವರ್ತನಾ ಬೆಂಬಲ: ಸಲಹೆಗಾರರನ್ನು ಕರೆಯುವ ಮೊದಲು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ಎರಡು ಕಡೆಯಿಂದ ಬಂದವು. ಕೆಲವನ್ನು ಕೇಳಿದವರು ಅಮೆರಿಕದ ಶಾಲೆಗಳಿಗೆ ಮಕ್ಕಳನ್ನು ಕಳಿಸುತ್ತಿರುವ ಕನ್ನಡದ ತಂದೆತಾಯಿಯರು. ಉಳಿದವನ್ನು ಕೇಳಿದವರು ರಜೆಗೆ ಊರಿಗೆ ಬಂದಾಗ ಸಿಗುವ ಶಿಕ್ಷಕ ಮಿತ್ರರು. ಅಮೆರಿಕದ ಒಂದು ಶಾಲಾ ಜಿಲ್ಲೆಯಲ್ಲಿ ವರ್ತನಾ ಸಲಹೆಗಾರಿಕೆ ನನ್ನ ಕೆಲಸ. ಹಾಗಾಗಿ ಉತ್ತರಗಳಲ್ಲಿ ನನ್ನ ಪಕ್ಷಪಾತವೂ ಬೆರೆತಿದೆ, ಅದನ್ನು ಮುಚ್ಚಿಟ್ಟಿಲ್ಲ.

ಸಕಾರಾತ್ಮಕ ವರ್ತನಾ ಬೆಂಬಲ ಎಂದರೇನು? ಹೆಸರೇ ಸರ್ಕಾರಿ ಸುತ್ತೋಲೆಯಂತಿದೆ.

ಇಂಗ್ಲಿಷಿನಲ್ಲೂ ಅದು ಇಷ್ಟೇ ಒಣ ಹೆಸರು. ಅಮೆರಿಕದ ಶಾಲೆಗಳಲ್ಲಿ ಅದನ್ನು ಪಿ.ಬಿ.ಐ.ಎಸ್. ಎಂದು ಮೊಟಕುಗೊಳಿಸಿ ಕರೆಯುತ್ತಾರೆ. ತಿರುವಿನ ಮರದ ಹಿಂದೆ ನಿಂತು ಹೆಲ್ಮೆಟ್ ಇಲ್ಲದವರನ್ನು ಹಿಡಿಯುವ ಟ್ರಾಫಿಕ್ ಪೊಲೀಸರನ್ನು ನೆನಪಿಸಿಕೊಳ್ಳಿ. ಹೆಚ್ಚಿನ ಶಾಲೆಗಳ ಶಿಸ್ತು ನಡೆಯುವುದು ಹಾಗೆಯೇ: ಮಗು ತಪ್ಪು ಮಾಡುವವರೆಗೆ ಕಾಯುವುದು, ಸಿಕ್ಕಿಬಿದ್ದ ಮೇಲೆ ದಂಡ ಹಾಕುವುದು. ಈ ಪದ್ಧತಿ ಪೊಲೀಸರನ್ನು ಮರದ ಹಿಂದಿನಿಂದ ರಸ್ತೆಗೆ ಕರೆತರುತ್ತದೆ. ಶಾಲೆಯ ಯಾವ ಜಾಗದಲ್ಲಿ ಹೇಗಿರಬೇಕು ಎಂಬುದನ್ನು ದೊಡ್ಡವರೆಲ್ಲ ಮೊದಲು ಒಮ್ಮತದಿಂದ ತೀರ್ಮಾನಿಸುತ್ತಾರೆ. ಮಕ್ಕಳಿಗೆ ಅದನ್ನು ಮಾಡಿ ತೋರಿಸುತ್ತಾರೆ, ಅಭ್ಯಾಸ ಮಾಡಿಸುತ್ತಾರೆ, ಸರಿಯಾಗಿ ಮಾಡಿದಾಗ ಗಮನಿಸಿ ಹೇಳುತ್ತಾರೆ. ಅಷ್ಟರಿಂದಲೂ ಸಾಲದ ಮಕ್ಕಳಿಗೆ ಹೆಚ್ಚಿನ ನೆರವು ಕೊಡುತ್ತಾರೆ. ಇದೆಲ್ಲ ನಿಜವಾಗಿ ನಡೆಯುತ್ತಿದೆಯೇ ಎಂದು ಅಂಕಿಅಂಶ ಇಟ್ಟು ನೋಡುತ್ತಾರೆ. ಎಲ್ಲ ಶಾಲೆಗಳೂ ಮೊದಲು ಕೈಬಿಡುವುದು ಈ ಕೊನೆಯ ಕೆಲಸವನ್ನು.

ಇದು ಎಲ್ಲಿ ಹುಟ್ಟಿತು?

ಸಾಮಾನ್ಯ ಶಾಲೆಗಳಲ್ಲಿ ಅಲ್ಲ. 1980ರ ದಶಕದಲ್ಲೂ ಅಮೆರಿಕದಲ್ಲಿ ತೀವ್ರ ಅಂಗವೈಕಲ್ಯವುಳ್ಳವರ 'ಕೆಟ್ಟ ನಡತೆ'ಯನ್ನು ತಡೆಯಲು ನೋವು ಕೊಡುವ ವಿಧಾನಗಳನ್ನು ಬಳಸುತ್ತಿದ್ದರು, ವಿದ್ಯುತ್ ಆಘಾತ ಕೂಡ ಅವುಗಳಲ್ಲಿ ಒಂದು. ಅದನ್ನು ವಿರೋಧಿಸಿದ ಸಂಶೋಧಕರು ಮತ್ತು ಕುಟುಂಬಗಳ ನಡುವಿನಿಂದ ಈ ದಾರಿ ಮೂಡಿತು. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯೂರಾಂಡ್ ಪ್ರಕಟಿಸಿದ ಅಧ್ಯಯನ ಅದರಲ್ಲಿ ಒಂದು ಮೈಲಿಗಲ್ಲು. ಸಹಾಯ ಬೇಕು ಎಂದೋ, ನನ್ನ ಕಡೆ ನೋಡಿ ಎಂದೋ ಮಾತಿನಲ್ಲಿ ಕೇಳುವುದನ್ನು ಕಲಿಸಿದಾಗ ಮಕ್ಕಳ ರಂಪಾಟ ಇಳಿಯಿತು ಎಂದು ಅವರು ತೋರಿಸಿದರು. ಆ ಮಕ್ಕಳ ಪಾಲಿಗೆ ರಂಪವೇ ಮಾತಾಗಿತ್ತು.

1997ರಲ್ಲಿ ಅಂಗವೈಕಲ್ಯವುಳ್ಳ ಮಕ್ಕಳ ವಿಶೇಷ ಶಿಕ್ಷಣಕ್ಕೆಂದಿರುವ ಒಕ್ಕೂಟ (ಕೇಂದ್ರ) ಕಾನೂನು ತಿದ್ದುಪಡಿಯಾದಾಗ 'ಸಕಾರಾತ್ಮಕ ವರ್ತನಾ ಬೆಂಬಲ' ಎಂಬ ಪದಗಳು ಅದರಲ್ಲಿ ಸೇರಿದವು. ಅದರ ಬೆನ್ನಲ್ಲೇ ಒಕ್ಕೂಟ ಸರ್ಕಾರದ ಹಣದಲ್ಲಿ ಒಂದು ರಾಷ್ಟ್ರೀಯ ಕೇಂದ್ರ ಶುರುವಾಯಿತು. ಆರೆಗಾನ್ ವಿಶ್ವವಿದ್ಯಾಲಯದ ರಾಬ್ ಹಾರ್ನರ್ ಮತ್ತು ಜಾರ್ಜ್ ಸುಗಾಯ್ ಅದರ ಮುಖ್ಯ ಶಿಲ್ಪಿಗಳು. ಒಂದು ಮಗುವಿಗೆಂದು ರೂಪುಗೊಂಡಿದ್ದನ್ನು ಇಡೀ ಶಾಲೆಗೆ ವಿಸ್ತರಿಸಿದವರು ಇವರು. ಈಗ ಅಮೆರಿಕದ 25,000ಕ್ಕೂ ಹೆಚ್ಚು ಶಾಲೆಗಳಲ್ಲಿ ಇದು ಒಂದಲ್ಲ ಒಂದು ರೂಪದಲ್ಲಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್‌ಗಳಲ್ಲೂ ಹೆಸರು ಬದಲಿಸಿಕೊಂಡು ನಡೆಯುತ್ತಿದೆ.

ಇದರಲ್ಲಿ ಒಂದು ವಿಚಿತ್ರವಿದೆ. ಇದನ್ನು ಹುಟ್ಟಿಸಿದ ದೇಶದಲ್ಲಿ ಶಾಲೆಯಲ್ಲಿ ಹೊಡೆಯುವುದಕ್ಕೆ ಇನ್ನೂ ರಾಷ್ಟ್ರಮಟ್ಟದ ನಿಷೇಧವಿಲ್ಲ. ಅದು ಸಂವಿಧಾನಬಾಹಿರವಲ್ಲ ಎಂದು 1977ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ಈಗಲೂ ಊರ್ಜಿತದಲ್ಲಿದೆ, ಕೆಲವು ರಾಜ್ಯಗಳಲ್ಲಿ ಮರದ ಪಟ್ಟಿಯ ಏಟು ಈಗಲೂ ಕಾನೂನುಬದ್ಧ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಬೆತ್ತವನ್ನು ಕಿತ್ತುಕೊಂಡಿತು, ಬದಲಿಗೆ ಶಿಕ್ಷಕರ ಕೈಗೆ ಏನನ್ನೂ ಕೊಡಲಿಲ್ಲ. ಅಲ್ಲಿ ವಿಧಾನವಿದೆ, ನಿಷೇಧವಿಲ್ಲ. ಇಲ್ಲಿ ನಿಷೇಧವಿದೆ, ವಿಧಾನವಿಲ್ಲ.

ಸಲಹೆಗಾರರು ಬಂದು ತುಂಟ ಮಕ್ಕಳನ್ನು ಸರಿಮಾಡುತ್ತಾರೆಯೇ?

ಇಲ್ಲ. ಪ್ರಾಂಶುಪಾಲರು ಮೊದಲ ಭೇಟಿಯಲ್ಲೇ ಐದು ಹೆಸರುಗಳ ಪಟ್ಟಿ ಕೈಗಿಡುತ್ತಾರೆ. ನಾನು ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಶಾಲೆಯನ್ನು ಒಮ್ಮೆ ಸುತ್ತಿ ನೋಡಬಹುದೇ ಎಂದು ಕೇಳುತ್ತೇನೆ. ಮಕ್ಕಳ ಜೊತೆ ನೇರವಾಗಿ ಕೆಲಸ ಮಾಡುವವರು ಶಿಕ್ಷಕರು. ಆ ಶಿಕ್ಷಕರಿಗೆ, ಅವರಲ್ಲಿಯೇ ರಚನೆಯಾಗುವ ತಂಡಕ್ಕೆ ಬೆನ್ನಾಗಿ ನಿಲ್ಲುವುದು ನನ್ನ ಕೆಲಸ. ತಂಡದಲ್ಲಿ ಐದಾರು ಜನರಿರುತ್ತಾರೆ. ಪ್ರಾಂಶುಪಾಲರು ಕಡ್ಡಾಯವಾಗಿ ಇರಬೇಕು, ಏಕೆಂದರೆ ಮುಖ್ಯಸ್ಥರು ಕುಳಿತುಕೊಳ್ಳದ ಸಭೆಯ ತೀರ್ಮಾನ ಕಾಗದದಲ್ಲೇ ಉಳಿಯುತ್ತದೆ. ಊಟದ ಮನೆಯ ಸಿಬ್ಬಂದಿ ಅಥವಾ ಬಸ್ ಚಾಲಕರಲ್ಲಿ ಒಬ್ಬರು ಇರಲಿ ಎಂದು ನಾನು ಹಟ ಹಿಡಿಯುತ್ತೇನೆ. ತರಗತಿಯ ಹೊರಗೆ ಮಕ್ಕಳು ಹೇಗಿರುತ್ತಾರೆ ಎಂಬುದು ನಿಜವಾಗಿ ಗೊತ್ತಿರುವುದು ಅವರಿಗೆ.

ಹಾಗಾದರೆ ಮೊದಲ ಕೆಲವು ವಾರ ಏನು ಮಾಡುತ್ತೀರಿ?

ನೋಡುತ್ತೇನೆ, ಎಣಿಸುತ್ತೇನೆ. ಸಲಹೆ ಕೊಡುವುದನ್ನು ಆದಷ್ಟು ಮುಂದಕ್ಕೆ ತಳ್ಳುತ್ತೇನೆ.

ಅಮೆರಿಕದ ಶಾಲೆಗಳಲ್ಲಿ ಶಿಕ್ಷಕರ ಕೈಮೀರಿದ ಮಗುವನ್ನು ಒಂದು ಚೀಟಿಯ ಜೊತೆ ಕಚೇರಿಗೆ ಕಳಿಸುವ ರೂಢಿಯಿದೆ. ಚೀಟಿಯಲ್ಲಿ ಯಾರು, ಎಲ್ಲಿ, ಎಷ್ಟು ಗಂಟೆಗೆ, ಏನು ಮಾಡಿದರು ಎಂದು ಬರೆದಿರುತ್ತದೆ. ಹಲವು ಶಾಲೆಗಳಲ್ಲಿ ಈ ಚೀಟಿಗಳು ಕಪಾಟಿನಲ್ಲಿ ದೂಳು ಹಿಡಿದು ಕೂರುತ್ತವೆ. ಅವನ್ನು ಹೊರತೆಗೆದು ಐದು ಬಗೆಯಲ್ಲಿ ವಿಂಗಡಿಸುವುದು ಮೊದಲ ಹೆಜ್ಜೆ: ದಿನಕ್ಕೆ ಸರಾಸರಿ ಎಷ್ಟು, ಯಾವ ನಡತೆ, ಯಾವ ಜಾಗ, ದಿನದ ಯಾವ ಹೊತ್ತು, ಯಾವ ಮಕ್ಕಳು. ಆರೆಗಾನ್‌ನವರು ಇದಕ್ಕೆಂದೇ ಸ್ವಿಸ್ ಎಂಬ ತಂತ್ರಾಂಶ ಮಾಡಿದ್ದಾರೆ. ಗೆರೆ ಎಳೆದ ಹಾಳೆಯಲ್ಲೂ ಇದೇ ಕೆಲಸ ಆಗುತ್ತದೆ.

ಒಂದು ಮಾಧ್ಯಮಿಕ ಶಾಲೆಯಲ್ಲಿ 'ಈ ಸಲದ ಆರನೆಯ ತರಗತಿಯೇ ಕೆಟ್ಟಿದೆ' ಎಂದು ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಚೀಟಿಗಳನ್ನು ಹರಡಿದಾಗ ಹೆಚ್ಚಿನವು ಮಧ್ಯಾಹ್ನದ ಊಟವಾದ ಕೂಡಲೇ, ಒಂದೇ ಪಡಸಾಲೆಯಲ್ಲಿ ಹುಟ್ಟಿದ್ದವು. ಹೋಗಿ ನಿಂತು ನೋಡಿದೆ. ಊಟ ಮುಗಿಸಿ ಬರುವವರು, ಊಟಕ್ಕೆ ಹೊರಡುವವರು, ಕುಡಿಯುವ ನೀರಿನ ಸಾಲು, ಮೂರೂ ಅದೇ ಇಕ್ಕಟ್ಟಿನಲ್ಲಿ ಸೇರುತ್ತಿದ್ದವು. ದೊಡ್ಡವರು ಯಾರೂ ಅಲ್ಲಿರುತ್ತಿರಲಿಲ್ಲ, ಎಲ್ಲರೂ ಕಾಫಿ ಬಗ್ಗಿಸಿಕೊಳ್ಳುತ್ತಿದ್ದ ಹೊತ್ತು ಅದು. ಒಂದು ಗುಂಪನ್ನು ಕೆಲವು ನಿಮಿಷ ತಡವಾಗಿ ಹೊರಡಿಸಿದರು, ಒಬ್ಬ ಶಿಕ್ಷಕರು ನೀರಿನ ನಲ್ಲಿಯ ಬಳಿ ನಿಂತರು. ಆರನೆಯ ತರಗತಿಯ ನೈತಿಕ ಅಧಃಪತನ ಅಲ್ಲಿಗೆ ನಿಂತಿತು.

ಎಲ್ಲ ಕಡೆ ಇಷ್ಟು ಸುಲಭವಾಗುವುದಿಲ್ಲ. ಆದರೂ ಮಗುವಿನ ಗುಣ ಎಂದು ನಾವು ಹಣೆಪಟ್ಟಿ ಹಚ್ಚುವುದರಲ್ಲಿ ಎಷ್ಟೋ ಪಾಲು ಜಾಗದ, ವೇಳಾಪಟ್ಟಿಯ ಗುಣವಾಗಿರುತ್ತದೆ.

ನಿಯಮಗಳ ಫಲಕ ನಮ್ಮ ಶಾಲೆಯಲ್ಲಿ ಮೊದಲೇ ಇದೆಯಲ್ಲ?

ಇರುತ್ತದೆ, ಸಾಮಾನ್ಯವಾಗಿ ಹದಿನೆಂಟು ಸಾಲುಗಳಲ್ಲಿ, ಎಲ್ಲವೂ 'ಬಾರದು' ಎಂದು ಮುಗಿಯುತ್ತವೆ. ಓಡಬಾರದು, ಕೂಗಬಾರದು, ಉಗುಳಬಾರದು. ಏನು ಮಾಡಬೇಕು ಎಂಬುದು ಎಲ್ಲಿಯೂ ಇರುವುದಿಲ್ಲ.

ಈ ಪದ್ಧತಿಯಲ್ಲಿ ಮೂರರಿಂದ ಐದು ನಿರೀಕ್ಷೆಗಳು ಸಾಕು. ಸುರಕ್ಷಿತವಾಗಿರು, ಗೌರವದಿಂದಿರು, ಹೊಣೆಯರಿತು ನಡೆ ಎಂಬುದು ಅಮೆರಿಕದಲ್ಲಿ ಸವೆದು ಹೋದ ತ್ರಿವಳಿ. ಆದರೆ 'ಗೌರವ' ಎಂದರೆ ಏನು? ಊಟದ ಸಾಲಿನಲ್ಲಿ ಅದು ಒಂದು ರೀತಿ, ಗ್ರಂಥಾಲಯದಲ್ಲಿ ಇನ್ನೊಂದು. ಆದ್ದರಿಂದ ಒಂದು ಚೌಕಟ್ಟು ಹಾಕುತ್ತೇವೆ, ಎಡಕ್ಕೆ ನಿರೀಕ್ಷೆಗಳು, ಮೇಲೆ ಜಾಗಗಳು, ಪ್ರತಿ ಮನೆಯಲ್ಲಿ ಕಣ್ಣಿಗೆ ಕಾಣುವ ಒಂದೆರಡು ಕೆಲಸ. ಇದನ್ನು ತುಂಬುವ ಸಭೆ ಯಾವಾಗಲೂ ಬಿಸಿಯಾಗುತ್ತದೆ. ಶೌಚಾಲಯಕ್ಕೆ ಹೋಗಲು ಅನುಮತಿ ಕೇಳಬೇಕೇ, ಕೈ ಎತ್ತಿದರೆ ಸಾಕೇ ಎಂಬುದರ ಮೇಲೆ ಇಪ್ಪತ್ತು ವರ್ಷದಿಂದ ಅಕ್ಕಪಕ್ಕದ ಕೊಠಡಿಗಳಲ್ಲಿ ಎರಡು ಕಾನೂನು ನಡೆಯುತ್ತಿತ್ತು ಎಂಬುದು ಆಗ ಬಯಲಾಗುತ್ತದೆ. ಮಕ್ಕಳು ಪಾಪ ಪ್ರತಿ ಗಂಟೆ ಬಾರಿಸಿದಾಗಲೂ ದೇಶ ಬದಲಿಸುತ್ತಿದ್ದರು.

ಏಳನೆಯ ತರಗತಿಯ ಮಕ್ಕಳಿಗೆ ಸಾಲಿನಲ್ಲಿ ನಡೆಯುವುದನ್ನು ಹೇಳಿಕೊಡಬೇಕೇ? ಅವರಿಗೆ ಗೊತ್ತಿಲ್ಲವೇ?

ಗೊತ್ತಿರುತ್ತದೆ. ಕಬಡ್ಡಿಯ ನಿಯಮ ಗೊತ್ತಿರುವವರೆಲ್ಲ ಕಬಡ್ಡಿ ಆಡಬಲ್ಲರೇ? ಶಾಲೆ ಶುರುವಾದ ಮೊದಲ ವಾರ ಮಕ್ಕಳನ್ನು ಆಯಾ ಜಾಗಕ್ಕೇ ಕರೆದೊಯ್ದು ಮಾಡಿಸಬೇಕು, ದೀರ್ಘ ರಜೆ ಮುಗಿದ ಮೇಲೆ ಮತ್ತೊಮ್ಮೆ ಮಾಡಿಸಬೇಕು. ದೊಡ್ಡ ಮಕ್ಕಳಿಗೆ ಇದು ಬಾಲಿಶ ಅನ್ನಿಸುತ್ತದೆ ಎಂಬುದು ನಿಜ. ಅವರಿಗೇ ಕಿರಿಯರಿಗೆ ತೋರಿಸುವ ಕೆಲಸ ಒಪ್ಪಿಸಿದರೆ ಗೊಣಗಾಟ ಅರ್ಧ ಇಳಿಯುತ್ತದೆ.

ಚೀಟಿ, ನಕ್ಷತ್ರ, ಬಹುಮಾನ ಎಲ್ಲ ಲಂಚ ಅಲ್ಲವೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ನನಗೂ ಕಸಿವಿಸಿ ತರುವ ಪ್ರಶ್ನೆ ಇದೇ.

ಹಲವು ಶಾಲೆಗಳಲ್ಲಿ ಒಳ್ಳೆಯ ನಡತೆ ಕಂಡಾಗ ಶಿಕ್ಷಕರು ಸಣ್ಣ ಮೆಚ್ಚುಗೆಯ ಚೀಟಿ ಕೊಡುತ್ತಾರೆ. ಚೀಟಿ ಕೂಡಿಸಿ ಪೆನ್ಸಿಲ್ ಕೊಳ್ಳಬಹುದು, ಅಥವಾ ಒಂದು ದಿನ ಶಿಕ್ಷಕರ ಕುರ್ಚಿಯಲ್ಲಿ ಕೂರಬಹುದು. ಸಿದ್ಧಾಂತದ ಪ್ರಕಾರ ಚೀಟಿ ಇರುವುದು ಶಿಕ್ಷಕರಿಗಾಗಿ. ಕೈಯಲ್ಲಿ ಐದು ಚೀಟಿ ಇದ್ದರೆ, ಸರಿಯಾಗಿ ನಡೆದುಕೊಳ್ಳುತ್ತಿರುವ ಐದು ಮಕ್ಕಳನ್ನು ಅವರ ಕಣ್ಣು ಹುಡುಕಲೇಬೇಕು. ತಪ್ಪನ್ನೇ ಹುಡುಕಿ ಪಳಗಿದ ಕಣ್ಣಿಗೆ ಅದು ವ್ಯಾಯಾಮ. ಒಂದು ತಿದ್ದುವ ಮಾತಿಗೆ ನಾಲ್ಕೈದು ಮೆಚ್ಚುವ ಮಾತು ಎಂಬ ಅಳತೆಯನ್ನು ನಾವು ಶಿಕ್ಷಕರ ಮುಂದಿಡುತ್ತೇವೆ. ಮೊದಲ ಸಲ ಎಣಿಸಿದಾಗ ಅದು ತಿರುವುಮುರುವಾಗಿಯೇ ಇರುತ್ತದೆ.

ಆದರೆ ಚೀಟಿ ಬಹುಬೇಗ ನಾಣ್ಯವಾಗುತ್ತದೆ. ನೆಲದ ಮೇಲೆ ಬಿದ್ದ ಕಾಗದದತ್ತ ಬಗ್ಗಿದ ಹುಡುಗನೊಬ್ಬ ಅರ್ಧಕ್ಕೆ ನಿಂತು, 'ಇದಕ್ಕೆ ಎಷ್ಟು ಕೊಡುತ್ತೀರಿ?' ಎಂದು ನನ್ನನ್ನು ಕೇಳಿದ್ದ. ಇದರ ಅಪಾಯ 1973ರಲ್ಲೇ ದಾಖಲಾಗಿದೆ. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸಲು ಇಷ್ಟಪಡುವ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಬಹುಮಾನದ ಆಸೆ ತೋರಿಸಿ ಚಿತ್ರ ಬರೆಸಿದರು. ಕೆಲವು ದಿನಗಳ ನಂತರ ಆ ಮಕ್ಕಳೇ ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬರೆದರು. ಆಸೆ ತೋರಿಸದೆ, ಬರೆದಾದ ಮೇಲೆ ಅನಿರೀಕ್ಷಿತವಾಗಿ ಬಹುಮಾನ ಪಡೆದ ಮಕ್ಕಳಲ್ಲಿ ಆ ಕುಸಿತ ಕಾಣಲಿಲ್ಲ. ಆದ್ದರಿಂದ ನನ್ನ ಶಾಲೆಗಳಿಗೆ ನಾನು ಹೇಳುವುದು ಇಷ್ಟು: ಮುಂಗಡವಾಗಿ ಆಸೆ ತೋರಿಸಬೇಡಿ. ಚೀಟಿಯ ಜೊತೆ ಏನನ್ನು ಮೆಚ್ಚಿದಿರಿ ಎಂದು ಬಾಯಿಬಿಟ್ಟು ಹೇಳಿ. ಕೊಟ್ಟದ್ದನ್ನು ಎಂದೂ ಕಿತ್ತುಕೊಳ್ಳಬೇಡಿ. ಮಕ್ಕಳು ಕಲಿತುಕೊಂಡದ್ದಕ್ಕೆ ಚೀಟಿಯನ್ನು ಮೆಲ್ಲಗೆ ಕಡಿಮೆ ಮಾಡಿ. ಚೀಟಿಯೇ ಬೇಡ, ಮಾತು ಸಾಕು ಎನ್ನುವ ಶಾಲೆಗೆ ನಾನು ತಕರಾರು ಮಾಡುವುದಿಲ್ಲ. ಮಾತಾದರೂ ಆಡುತ್ತೀರಾ ಎಂದು ಮಾತ್ರ ಕೇಳುತ್ತೇನೆ.

ಅಂದರೆ ಶಿಕ್ಷೆಯೇ ಇಲ್ಲವೇ?

ಪರಿಣಾಮ ಇದೆ. ಯಾವುದನ್ನು ಶಿಕ್ಷಕರು ತರಗತಿಯಲ್ಲೇ ನಿಭಾಯಿಸಬೇಕು, ಯಾವುದು ಕಚೇರಿಗೆ ಹೋಗಬೇಕು ಎಂಬುದನ್ನು ಬರೆದಿಡುತ್ತೇವೆ. ಹೊಡೆದಾಟ, ಬೆದರಿಕೆ, ಆಯುಧ ಇವುಗಳಿಗೆ ಕೂಡಲೇ ಕ್ರಮವಿದೆ. ಪೆನ್ಸಿಲ್ ತಂದಿಲ್ಲ ಎಂಬುದು ಆ ಪಟ್ಟಿಯಲ್ಲಿರಬಾರದು, ಹಲವು ಶಾಲೆಗಳಲ್ಲಿ ಅದೂ ಇರುತ್ತದೆ.

'ದಂಡಂ ದಶಗುಣಂ' ಎಂದು ಇಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಸುಭಾಷಿತವನ್ನು ಪೂರ್ತಿ ಓದಿದರೆ ಅದು ಕೋಲು ಹಿಡಿದು ನಡೆಯುವುದರ ಹತ್ತು ಉಪಯೋಗಗಳ ಪಟ್ಟಿ: ಹಕ್ಕಿ, ನಾಯಿ, ಶತ್ರು, ಹಾವು, ದನ, ಕೆಸರು, ನೀರು, ಕುರುಡು, ಕತ್ತಲೆ, ಮುಪ್ಪು. ಹತ್ತರಲ್ಲಿ ವಿದ್ಯಾರ್ಥಿ ಇಲ್ಲ.

ಒಂದಿಬ್ಬರು ಮಕ್ಕಳು ಯಾವುದಕ್ಕೂ ಬಗ್ಗುವುದಿಲ್ಲ. ಅವರಿಗೇನು ಮಾಡುತ್ತೀರಿ?

ತ್ರಿಕೋನವೊಂದನ್ನು ಊಹಿಸಿಕೊಳ್ಳಿ. ಬುಡದ ಹಂತ ಎಲ್ಲ ಮಕ್ಕಳಿಗೂ. ಸುಮಾರು ಶೇ 80ರಷ್ಟು ಮಕ್ಕಳಿಗೆ ಅಷ್ಟೇ ಸಾಕಾಗಬೇಕು ಎಂಬುದು ಲೆಕ್ಕಾಚಾರ. ಮಧ್ಯದ ಹಂತ ಇನ್ನು ಸ್ವಲ್ಪ ಬೇಕಾದ ಶೇ 15ರಷ್ಟು ಮಕ್ಕಳಿಗೆ, ತುದಿಯದು ಶೇ 5ರಷ್ಟು ಮಕ್ಕಳಿಗೆ. ಇದು ಅಂದಾಜು, ಯಾವ ಶಾಲೆಯೂ ಈ ಅಳತೆಗೆ ಸರಿಯಾಗಿ ಕತ್ತರಿಸಿದಂತಿರುವುದಿಲ್ಲ. ಬುಡದ ಹಂತವೇ ಅಲುಗಾಡುತ್ತಿರುವ ಶಾಲೆಯಲ್ಲಿ ಅರ್ಧ ಶಾಲೆಯೇ ತುದಿಯಲ್ಲಿರುವಂತೆ ಕಾಣುತ್ತದೆ. ಐದು ಹೆಸರುಗಳ ಪಟ್ಟಿಯನ್ನು ಚೀಲದಲ್ಲಿಟ್ಟುಕೊಳ್ಳುವುದು ಅದಕ್ಕೇ.

ಮಧ್ಯದ ಹಂತದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಬೆಳಿಗ್ಗೆ–ಸಂಜೆಯ ಭೇಟಿ. ಮಗು ಬೆಳಿಗ್ಗೆ ಬಂದೊಡನೆ ತನಗೆಂದು ಗೊತ್ತುಮಾಡಿದ ಒಬ್ಬ ದೊಡ್ಡವರನ್ನು ನೋಡುತ್ತದೆ, ಎರಡು ನಿಮಿಷ ಮಾತು, ಒಂದು ಕಾರ್ಡು. ಪ್ರತಿ ಪಾಠದ ಕೊನೆಗೆ ಶಿಕ್ಷಕರು ಅದರಲ್ಲಿ ಗುರುತು ಹಾಕುತ್ತಾರೆ. ಸಂಜೆ ಮತ್ತೆ ಅದೇ ವ್ಯಕ್ತಿ, ಮತ್ತೆ ಎರಡು ನಿಮಿಷ. ಕಾರ್ಡು ಮನೆಗೆ ಹೋಗಿ ಸಹಿಯಾಗಿ ಬರುತ್ತದೆ. ಇಷ್ಟೇ. ದೊಡ್ಡವರ ಗಮನಕ್ಕಾಗಿ ಗಲಾಟೆ ಮಾಡುವ ಮಗುವಿಗೆ ಗಲಾಟೆ ಮಾಡುವ ಮೊದಲೇ ಗಮನ ಸಿಗುತ್ತದೆ. ಗಮನವೇ ಬೇಡ, ಪಾಠದಿಂದ ತಪ್ಪಿಸಿಕೊಂಡರೆ ಸಾಕು ಎನ್ನುವ ಮಗುವಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ.

ತುದಿಯ ಹಂತದಲ್ಲಿ ಕೇಳುವ ಪ್ರಶ್ನೆ, ಈ ನಡತೆಯಿಂದ ಮಗುವಿಗೆ ಏನು ದಕ್ಕುತ್ತಿದೆ? ಅದಕ್ಕೆ ಮೂರು ಕಂಬದ (ಕಾಲಮ್ಮಿನ) ಹಾಳೆ ಸಾಕು: ಅದಕ್ಕೆ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಉಕ್ತಲೇಖನ ಶುರುವಾದ ಕೂಡಲೇ ಪಕ್ಕದವನ ಪುಸ್ತಕ ಎಳೆಯುವ ಹುಡುಗ ಇದ್ದಾನೆ ಎನ್ನಿ. ಶಿಕ್ಷಕರು 'ಹೊರಗೆ ನಿಲ್ಲು' ಎನ್ನುತ್ತಾರೆ. ಅವನು ಹೊರಗೆ ನಿಂತು ಬೇವಿನ ಮರ ನೋಡುತ್ತಾನೆ. ಶಿಕ್ಷಕರಿಗೆ ಶಿಕ್ಷೆ ಕೊಟ್ಟ ಸಮಾಧಾನ, ಅವನಿಗೆ ಒತ್ತಕ್ಷರದ ಮಾನಭಂಗದಿಂದ ಬಿಡುಗಡೆ. ಇಬ್ಬರಿಗೂ ಲಾಭವಾದ ವ್ಯವಹಾರ ನಾಳೆಯೂ ನಡೆಯುತ್ತದೆ. ಹುಡುಗನಿಗೆ ಬರವಣಿಗೆ ಎಲ್ಲಿ ತೊಡಕುತ್ತಿದೆ ಎಂದು ನೋಡುವುದು, ಹತ್ತು ಪದಗಳ ಬದಲು ನಾಲ್ಕು ಕೊಡುವುದು, 'ಸ್ವಲ್ಪ ನಿಲ್ಲಿಸಿ, ಮತ್ತೆ ಹೇಳಿ' ಎಂದು ಕೇಳಲು ಕಲಿಸುವುದು, ಹಾಗೆ ಕೇಳಿದಾಗ ನಿಜವಾಗಿಯೂ ನಿಲ್ಲಿಸುವುದು, ಇವು ಬೆಂಬಲ ಯೋಜನೆಯ ಸಾಲುಗಳಾಗುತ್ತವೆ. ಕೊನೆಯದನ್ನು ಶಿಕ್ಷಕರು ಮರೆತರೆ ಉಳಿದದ್ದೆಲ್ಲ ವ್ಯರ್ಥ.

ಹಸಿವು, ನಿದ್ದೆಗೇಡು, ಮನೆಯ ಹಿಂಸೆ, ಕೇಳಿಸದ ಕಿವಿ ಇವು ಮೂರು ಕಂಬದ ಹಾಳೆಯಲ್ಲಿ ತಾವಾಗಿ ಕಾಣಿಸಿಕೊಳ್ಳುವುದಿಲ್ಲ. ಅವನ್ನು ಕೇಳಿಯೇ ತಿಳಿಯಬೇಕು.

ಶಿಕ್ಷಕರೇ ಒಪ್ಪದಿದ್ದರೆ?

ಶುರುಮಾಡಬೇಡಿ. ಕನಿಷ್ಠ ಶೇ 80 ಸಿಬ್ಬಂದಿ ಒಪ್ಪಿರಬೇಕು ಎಂಬುದು ಈ ಕ್ಷೇತ್ರದ ಹಳೆಯ ರೂಢಿ. ಮೇಲಿನ ಕಚೇರಿಯ ಆದೇಶದಿಂದ ಹೇರಿದಲ್ಲಿ ಫಲಕ ಮಾತ್ರ ಏಳುತ್ತದೆ. ವಿರೋಧಿಸುವ ಹಿರಿಯ ಶಿಕ್ಷಕರ ಮಾತನ್ನು ನಾನು ಗಮನವಿಟ್ಟು ಕೇಳುತ್ತೇನೆ. 'ಇಂಥದ್ದು ನಾಲ್ಕು ಬಂದು ಹೋದವು' ಎಂದು ಅವರು ಹೇಳುವಾಗ ಹೆಚ್ಚಿನ ಸಲ ಅವರ ಮಾತು ನಿಜವಾಗಿರುತ್ತದೆ.

ಎರಡು ದಿನದ ಕಾರ್ಯಾಗಾರ ಮಾಡಿಸಿದರೆ ಸಾಲದೇ?

ಸಾಲದು. ಊಟ ಚೆನ್ನಾಗಿತ್ತು ಎಂಬುದಷ್ಟೇ ನೆನಪಿನಲ್ಲಿ ಉಳಿಯುತ್ತದೆ. ಉಪನ್ಯಾಸ, ಪ್ರಾತ್ಯಕ್ಷಿಕೆಗಳಿಂದ ಕಲಿತದ್ದು ತರಗತಿಯನ್ನು ತಲುಪುವುದು ಅಪರೂಪ, ಪಕ್ಕದಲ್ಲಿ ನಿಂತು ತಿದ್ದುವವರು ಇದ್ದಾಗಲೇ ಅದು ತಲುಪುತ್ತದೆ ಎಂದು ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಿಂದಲೇ ವಾದಿಸುತ್ತ ಬಂದರು. ಬುಡದ ಹಂತ ನೆಲೆಯೂರಲು ಎರಡು ಮೂರು ವರ್ಷ, ಮೂರೂ ಹಂತಗಳಿಗೆ ಅದಕ್ಕಿಂತ ಹೆಚ್ಚು ಬೇಕು. ಆರು ತಿಂಗಳಲ್ಲಿ ಶಾಲೆಯನ್ನು ಬದಲಿಸುತ್ತೇನೆ ಎನ್ನುವವರಿಗೆ ಕಾಫಿ ಕೊಟ್ಟು ಕಳಿಸಿ.

ಇದು ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಇದೆಯೇ?

ಇದೆ, ಮಿತಿಯೊಳಗೆ. ಆಗ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಕ್ಯಾಥರಿನ್ ಬ್ರಾಡ್‌ಷಾ ಮತ್ತು ಸಂಗಡಿಗರು ಮೇರಿಲ್ಯಾಂಡ್ ರಾಜ್ಯದ 37 ಪ್ರಾಥಮಿಕ ಶಾಲೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಐದು ವರ್ಷ ಹಿಂಬಾಲಿಸಿದರು. ಪದ್ಧತಿ ಅಳವಡಿಸಿಕೊಂಡ ಶಾಲೆಗಳಲ್ಲಿ ಕಚೇರಿಗೆ ಕಳಿಸುವುದೂ ಅಮಾನತೂ ಇಳಿದವು. ಓದಿನ ಅಂಕಗಳ ಮೇಲಿನ ಪರಿಣಾಮ ಅಷ್ಟು ಖಚಿತವಲ್ಲ.

ಜನಾಂಗದ ಪ್ರಶ್ನೆ ಇನ್ನೂ ಕಹಿಯಾದದ್ದು. 2011–12ರ ಒಕ್ಕೂಟ ಸರ್ಕಾರದ ಅಂಕಿಅಂಶದಂತೆ ಅಮೆರಿಕದಲ್ಲಿ ಕಪ್ಪು ಮಕ್ಕಳು ಬಿಳಿಯ ಮಕ್ಕಳ ಮೂರು ಪಟ್ಟು ಪ್ರಮಾಣದಲ್ಲಿ ಅಮಾನತು, ಉಚ್ಚಾಟನೆಗೆ ಒಳಗಾಗುತ್ತಿದ್ದರು. ಒಟ್ಟು ಸಂಖ್ಯೆ ಇಳಿದ ಶಾಲೆಯಲ್ಲೂ ಈ ಅಂತರ ತಾನಾಗಿ ಮುಚ್ಚುವುದಿಲ್ಲ. 'ಅಗೌರವ' ಎಂದು ಬರೆದ ಚೀಟಿಗಳನ್ನು ಬೇರೆ ತೆಗೆದು, ಯಾರ ಮಕ್ಕಳ ದನಿ ಯಾರ ಕಿವಿಗೆ ಅಗೌರವವಾಗಿ ಕೇಳಿಸಿತು ಎಂದು ನೋಡದ ಸಲಹೆಗಾರರು ಅರ್ಧ ಕೆಲಸ ಮಾಡಿದಂತೆ. ನಮ್ಮ ಕಡೆ ಇದೇ ಪ್ರಶ್ನೆಯನ್ನು ಜಾತಿಯ ಬಗ್ಗೆ ಕೇಳಬೇಕಾಗುತ್ತದೆ.

ಆಟಿಸಂ ಇರುವ ಹಲವು ವಯಸ್ಕರು ಈ ಪದ್ಧತಿಯ ಹಿಂದಿರುವ, ಬಹುಮಾನ–ಶಿಕ್ಷೆಗಳಿಂದ ನಡತೆಯನ್ನು ರೂಪಿಸಬಹುದು ಎನ್ನುವ ವರ್ತನಾವಾದವನ್ನೇ ಟೀಕಿಸುತ್ತಾರೆ. ಕೈ ಆಡಿಸುವುದು, ಕಣ್ಣಿಗೆ ಕಣ್ಣು ಕೊಡದಿರುವುದು ಯಾರಿಗೂ ತೊಂದರೆ ಕೊಡದಿದ್ದರೂ ಅದನ್ನು 'ಸರಿಪಡಿಸಲು' ಹೊರಡುವುದು ಏಕೆ ಎಂಬ ಅವರ ಪ್ರಶ್ನೆಗೆ ನನ್ನ ಬಳಿ ಪ್ರತಿವಾದವಿಲ್ಲ.

ನಾವು ಅಮೆರಿಕದಲ್ಲಿದ್ದೇವೆ. ಮಗನ ವರ್ತನೆಯ ಮೌಲ್ಯಮಾಪನ ಮಾಡುತ್ತೇವೆ ಎಂದು ಶಾಲೆಯಿಂದ ಪತ್ರ ಬಂದಿದೆ. ಹೆದರಬೇಕೇ?

ಕನ್ನಡದ ಮನೆಗಳಲ್ಲಿ ಇಂಥ ಪತ್ರ ಬಂದ ರಾತ್ರಿ ಯಾರೂ ಊಟ ಮಾಡುವುದಿಲ್ಲ, ನಾಲ್ಕು ಜನರಿಗೆ ಗೊತ್ತಾದರೆ ಎಂಬ ಭಯ. ಅದು ಆರೋಪಪಟ್ಟಿಯಲ್ಲ. ಮೇಲೆ ಹೇಳಿದ ಮೂರು ಕಂಬದ ಹಾಳೆಯ ದೊಡ್ಡ ರೂಪ. ಸಭೆಗೆ ಹೋಗಿ. ಮನೆಯಲ್ಲಿ ಅವನು ಹೇಗಿರುತ್ತಾನೆ ಎಂಬುದು ನಿಮ್ಮನ್ನು ಬಿಟ್ಟು ಇನ್ನಾರಿಗೂ ಗೊತ್ತಿಲ್ಲ. ಇಂಗ್ಲಿಷ್ ಸಲೀಸಾಗಿ ಬಾರದ ತಂದೆತಾಯಿಯರಿಗೆ ಶಾಲೆಯೇ ದುಭಾಷಿಯನ್ನು ಒದಗಿಸಬೇಕು. ಮಗುವನ್ನೇ ದುಭಾಷಿ ಮಾಡಿಕೊಳ್ಳಬೇಡಿ. ವಿಶೇಷ ಶಿಕ್ಷಣದಡಿ ಇರುವ ಮಗುವನ್ನು ನಡತೆಯ ಕಾರಣಕ್ಕೆ ಹತ್ತು ಶಾಲಾ ದಿನಗಳಿಗಿಂತ ಹೆಚ್ಚು ಹೊರಗಿಟ್ಟು ಅದರ ತರಗತಿಯನ್ನೇ ಬದಲಿಸಲು ಹೊರಟರೆ, ಆ ನಡತೆ ಅದರ ಅಂಗವೈಕಲ್ಯದಿಂದಲೇ ಬಂದದ್ದೇ ಎಂದು ಪರಿಶೀಲಿಸುವ ಸಭೆ ಕಾನೂನಿನಂತೆ ನಡೆಯಲೇಬೇಕು. ಯೋಜನೆಯ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ದೊಡ್ಡವರು ಏನು ಬದಲಿಸಿಕೊಳ್ಳುತ್ತಾರೆ ಎಂಬ ಸಾಲು ಇಲ್ಲದಿದ್ದರೆ ಸಹಿ ಮಾಡುವ ಮೊದಲು ಕೇಳಿ.

ಕರ್ನಾಟಕದ ಶಾಲೆಗೆ ಇದು ಒಗ್ಗುತ್ತದೆಯೇ?

ಹಾಗೆಯೇ ಎತ್ತಿ ತಂದರೆ ಇಲ್ಲ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡ ಶಾಲೆಯಲ್ಲಿ ಕಚೇರಿಗೆ ಕಳಿಸುವ ಚೀಟಿ ಎಂಬುದೇ ತಮಾಷೆ. ಕಚೇರಿಯೂ ಅವರೇ.

ಕಾನೂನಿನ ನೆಲೆ ಮಾತ್ರ ಅಮೆರಿಕಕ್ಕಿಂತ ಗಟ್ಟಿ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎನ್ನುತ್ತದೆ 16ನೆಯದು. 'ಟಿ.ಸಿ. ಕೊಟ್ಟು ಕಳಿಸುತ್ತೇವೆ' ಎಂಬ ಬೆದರಿಕೆಗೆ ಅಲ್ಲಿಯವರೆಗೆ ಕಾನೂನಿನ ಬಲವಿಲ್ಲ.

ಪದ್ಧತಿಗೆ ಬೇಕಾದ ಸಾಮಾನುಗಳಲ್ಲಿ ಹಲವು ಇಲ್ಲಿ ಬೇರೆ ಹೆಸರಿನಲ್ಲಿವೆ. ಬೆಳಗಿನ ಪ್ರಾರ್ಥನೆ ಸಾಲು ಇಡೀ ಶಾಲೆಗೆ ಒಂದು ನಡತೆಯನ್ನು ಮಾಡಿ ತೋರಿಸಲು ಹೇಳಿ ಮಾಡಿಸಿದ ಹೊತ್ತು, ಈಗ ಅದು ಉಪದೇಶದಲ್ಲಿ ಕಳೆದುಹೋಗುತ್ತಿದೆ. ಶಾಲಾ ಸಂಸತ್ತಿನ ಮಂತ್ರಿಗಳು ಬಿಸಿಯೂಟದ ಸಾಲಿನ ನಿಯಮವನ್ನು ತಾವೇ ಬರೆಯಬಲ್ಲರು. ಅಡುಗೆಯ ಅಕ್ಕಂದಿರನ್ನು, ಎಸ್.ಡಿ.ಎಂ.ಸಿ. ಎಂಬ ಶಾಲಾಭಿವೃದ್ಧಿ ಸಮಿತಿಯ ಒಬ್ಬ ತಾಯಿಯನ್ನು ತಂಡಕ್ಕೆ ಕರೆಯಬಹುದು. ಹೊರಗಿನ ಸಲಹೆಗಾರರಿಗಿಂತ ಅಕ್ಕಪಕ್ಕದ ಶಾಲೆಗಳ ಗುಂಪಿಗೆ, ಅಂದರೆ ಕ್ಲಸ್ಟರಿಗೆ, ಮಾರ್ಗದರ್ಶಕರಾದ ಸಿ.ಆರ್.ಪಿ.ಯೇ ಸಹಜ ತರಬೇತುದಾರರು. ಮಾಹಿತಿ ನಮೂನೆಗಳನ್ನು ತುಂಬಿಸಿಕೊಳ್ಳುವ ಕೆಲಸದಿಂದ ಅವರಿಗೆ ಬಿಡುವು ಸಿಕ್ಕರೆ, ಅಷ್ಟೇ.

ಕಪ್ಪುಹಲಗೆಯ ಮೂಲೆಯಲ್ಲಿ ತರಗತಿಯ ನಾಯಕ ಬರೆಯುವ 'ಮಾತನಾಡಿದವರು' ಪಟ್ಟಿ ನಿಮಗೂ ನೆನಪಿರಬೇಕು. ಹೆಸರಿನ ಮುಂದೆ ಒಂದು ಗುಣಾಕಾರ ಚಿಹ್ನೆ, ಮತ್ತೆ ಮಾತನಾಡಿದರೆ ಎರಡು. ನಮ್ಮ ಶಿಸ್ತಿನ ಅಂಕಿಅಂಶ ಸಂಗ್ರಹ ಅದು. ಒಂದು ವಾರ ಆ ಮೂಲೆಯಲ್ಲಿ 'ಪಕ್ಕದವರಿಗೆ ನೆರವಾದವರು' ಎಂದು ಬರೆಸಿ ನೋಡಿ ಎಂದು ಗೆಳತಿಯೊಬ್ಬಳಿಗೆ ಹೇಳಿದ್ದೆ. ನಾಯಕ ಮೊದಲ ದಿನ ತನ್ನ ಹೆಸರನ್ನೇ ಬರೆದುಕೊಂಡನಂತೆ. ಎರಡನೆಯ ದಿನ ತನ್ನ ಗೆಳೆಯರದು. ಮೂರನೆಯ ದಿನ ತರಗತಿ ಗಲಾಟೆ ಎಬ್ಬಿಸಿ, ಯಾರು ಬರೆಯಬೇಕು ಎಂಬುದನ್ನು ಸರದಿಯ ಮೇಲೆ ತೀರ್ಮಾನಿಸಿತಂತೆ. ನಾನು ಅಂದುಕೊಂಡದ್ದಕ್ಕಿಂತ ಇದು ಒಳ್ಳೆಯ ಪಾಠವಾಯಿತು.

ಸಲಹೆಗಾರರನ್ನು ಆರಿಸುವಾಗ ಏನು ನೋಡಬೇಕು? ಖರ್ಚೆಷ್ಟು?

ದರ ಹೇಳಲಾರೆ, ಅದು ಊರಿಗೊಂದು. ಅಮೆರಿಕದ ರಾಷ್ಟ್ರೀಯ ಕೇಂದ್ರದ ಸಾಮಗ್ರಿ ಉಚಿತವಾಗಿ ಸಿಗುತ್ತದೆ. ಅದನ್ನೇ ಬಣ್ಣದ ಕಡತದಲ್ಲಿಟ್ಟು ಮಾರುವವರಿದ್ದಾರೆ, ಎಚ್ಚರ. ಶಾಲೆಗೆ ಬರುವ ಮೊದಲೇ ಪರಿಹಾರ ಹೇಳುವವರು ಬೇಡ. ತರಗತಿಯ ಹಿಂಬದಿಯಲ್ಲಿ ಒಂದು ದಿನ ಸುಮ್ಮನೆ ಕೂರಲು ಸಿದ್ಧರಿರುವವರು ಬೇಕು. ಪದ್ಧತಿ ಎಷ್ಟರಮಟ್ಟಿಗೆ ಜಾರಿಯಾಗಿದೆ ಎಂದು ಹೇಗೆ ಅಳೆಯುತ್ತೀರಿ ಎಂದು ಕೇಳಿ. ಪ್ರತಿ ಅಂಶಕ್ಕೆ 0, 1, 2 ಎಂದು ಅಂಕ ಹಾಕಿ ಶೇ 70 ಬಂದರೆ ಸಾಕಷ್ಟು ಎನ್ನುವ ಒಂದು ಸಿದ್ಧ ಅಳತೆಪಟ್ಟಿ ಇದೆ, ಅದರ ಹೆಸರಾದರೂ ಅವರಿಗೆ ಗೊತ್ತಿರಬೇಕು. ಮಗುವಿಗೆ ವೈದ್ಯಕೀಯ ಅಥವಾ ಮನೋವೈದ್ಯಕೀಯ ನೆರವು ಬೇಕಾದಾಗ 'ಇದು ನನ್ನ ಕೆಲಸವಲ್ಲ' ಎಂದು ಹೇಳಬಲ್ಲರೇ ಎಂಬುದನ್ನೂ ನೋಡಿ.

ನೀವು ಹೋದ ಮೇಲೆ ಎಲ್ಲ ಮೊದಲಿನಂತಾಗುವುದಿಲ್ಲವೇ?

ಎಷ್ಟೋ ಕಡೆ ಆಗಿದೆ. ಪ್ರಾಂಶುಪಾಲರು ಬದಲಾದ ವರ್ಷ ಅತಿ ಅಪಾಯದ ವರ್ಷ. ತಿಂಗಳ ಸಭೆಯ ದಿನಾಂಕ ವರ್ಷದ ಕ್ಯಾಲೆಂಡರಿನಲ್ಲಿ ಮೊದಲೇ ಅಚ್ಚಾಗಿದ್ದ ಕಡೆ, ಹೊಸ ಶಿಕ್ಷಕರಿಗೆ ಹಳಬರೊಬ್ಬರು ಜೊತೆಯಾದ ಕಡೆ ಉಳಿದಿದೆ. ಒಂದು ಶಾಲೆಗೆ ಎರಡು ವರ್ಷದ ಮೇಲೆ ಹೋದಾಗ ಮೆಚ್ಚುಗೆಯ ಚೀಟಿಗಳು ಮಾಯವಾಗಿದ್ದವು, ಫಲಕದ ಬಣ್ಣ ಮಾಸಿತ್ತು, ನಾನು ಕಲಿಸಿದ ಅಂಕಿಅಂಶದ ನಕ್ಷೆಗಳನ್ನು ಯಾರೂ ಬರೆಯುತ್ತಿರಲಿಲ್ಲ. ಸೋತೆ ಎಂದುಕೊಂಡು ಪಡಸಾಲೆಗೆ ಬಂದರೆ, ಊಟದ ಗಂಟೆಯ ಹೊತ್ತಿಗೆ ನೀರಿನ ನಲ್ಲಿಯ ಬಳಿ ನನಗೆ ಪರಿಚಯವೇ ಇಲ್ಲದ ಹೊಸ ಶಿಕ್ಷಕರೊಬ್ಬರು ನಿಂತಿದ್ದರು. ಇಲ್ಲಿ ಏಕೆ ನಿಂತಿದ್ದೀರಿ ಎಂದು ಕೇಳಿದೆ. 'ಈ ಹೊತ್ತಿನಲ್ಲಿ ಇಲ್ಲಿ ಯಾರಾದರೂ ಒಬ್ಬರು ನಿಲ್ಲುತ್ತೇವೆ' ಎಂದರು. ಏಕೆ ಎಂಬುದು ಅವರಿಗೂ ಗೊತ್ತಿರಲಿಲ್ಲ.